ಹೊಲದಡಿಯ ಪೈಪ್‌ಲೈನ್‌ಗೆ ಶೇ. 10ರ ಬೆಲೆ: ಕೇಂದ್ರ ಪೆಟ್ರೋಲಿಯಂ ಸಚಿವರಿಗೂ ರಾಜ್ಯ ಕಂದಾಯ ಸಚಿವರಿಗೂ ಬಹಿರಂಗ ಪತ್ರ

ಮಾನ್ಯರೇ,

ಮಂಗಳೂರು–ಹಾಸನ–ಬೆಂಗಳೂರು ನಡುವಿನ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್ 2003ರಿಂದ ಓಡುತ್ತಿದೆ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಅನಿಲದ ಪೈಪ್‌ಲೈನ್ 2013ರಲ್ಲಿ ಶುರುವಾಗಿ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳ ಕೆಳಗೆ ಹಾದಿದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿ.ಮೀ. ಉದ್ದದ ಇನ್ನೊಂದು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ದೇಶದ ಇಂಧನ ಬಳಕೆಯಲ್ಲಿ ನೈಸರ್ಗಿಕ ಅನಿಲದ ಪಾಲನ್ನು ಸುಮಾರು ಶೇ. 6ರಿಂದ 2030ರ ಹೊತ್ತಿಗೆ ಶೇ. 15ಕ್ಕೆ ಏರಿಸಬೇಕೆಂಬುದು ಕೇಂದ್ರದ ಗುರಿ. ಅಂದರೆ ಇನ್ನೂ ಪೈಪ್‌ಲೈನ್‌ಗಳು ಬರುತ್ತವೆ. ಬರಲಿ, ಘಾಟಿಯಲ್ಲಿ ಟ್ಯಾಂಕರ್ ಮಗುಚುವುದಕ್ಕಿಂತ ನೆಲದಡಿಯ ಕೊಳವೆ ವಾಸಿ. ನಮ್ಮ ತಕರಾರು ಪೈಪ್‌ಲೈನ್ ಮೇಲಲ್ಲ, 1962ರಿಂದ ಕದಲದೆ ಕೂತಿರುವ ಒಂದು ಅಂಕಿಯ ಮೇಲೆ: ಶೇ. 10.

ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆ 1962ರ ಅಡಿಯಲ್ಲಿ ಸರ್ಕಾರ ರೈತನ ಜಮೀನನ್ನು ಕೊಳ್ಳುವುದಿಲ್ಲ. ಪಹಣಿಯಲ್ಲಿ ಹೆಸರು ಅವನದೇ, ಕಂದಾಯ ಕಟ್ಟುವವನೂ ಅವನೇ. ಪೈಪ್ ಹೂಳುವ, ನೋಡಿಕೊಳ್ಳುವ, ಬೇಕಾದಾಗ ಬಂದು ಅಗೆಯುವ ‘ಬಳಕೆ ಹಕ್ಕು’ ಮಾತ್ರ ಸರ್ಕಾರಕ್ಕೋ ಕಂಪನಿಗೋ ಹೋಗುತ್ತದೆ. ಅದಕ್ಕೆ ಕಲಂ 10(4)ರ ಪ್ರಕಾರ ಸಿಗುವುದು ಆ ನೆಲದ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು ಪಾಲು. ಕಡಿದ ಮರ, ಹಾಳಾದ ಪೈರು, ಇತರ ನಷ್ಟಗಳಿಗೆ ಕಲಂ 10(1)ರಡಿ ಬೇರೆ ಪರಿಹಾರವಿದೆ.

ಲೆಕ್ಕ ಹಾಕಿ ನೋಡೋಣ. ದೊಡ್ಡ ಪೈಪ್‌ಲೈನ್‌ಗಳಿಗೆ 20 ಮೀಟರ್ ಅಗಲದ ಪಟ್ಟಿ ಸಾಮಾನ್ಯ. ಒಬ್ಬರ ಜಮೀನಿನಲ್ಲಿ 100 ಮೀಟರ್ ಉದ್ದ ಹಾದರೆ 2,000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 20 ಗುಂಟೆ, ಅರ್ಧ ಎಕರೆ. ಎಕರೆಗೆ 20 ಲಕ್ಷ ರೂಪಾಯಿ ಬೆಲೆ ಹಿಡಿದರೆ ಪಟ್ಟಿಯ ಬೆಲೆ 10 ಲಕ್ಷ, ಬಳಕೆ ಹಕ್ಕಿನ ಪರಿಹಾರ 1 ಲಕ್ಷ. ಒಮ್ಮೆ ಕೊಟ್ಟರೆ ಮುಗಿಯಿತು. ಬಾಡಿಗೆಯಿಲ್ಲ, ಅವಧಿಯಿಲ್ಲ, ಮರುಪರಿಶೀಲನೆಯಿಲ್ಲ.

ಮೊದಲು ಯಾವ ಕೆಲಸಕ್ಕೆ ನೆಲ ಬಳಸುತ್ತಿದ್ದರೋ ಅದೇ ಕೆಲಸಕ್ಕೆ ಮುಂದೆಯೂ ಬಳಸಬಹುದು, ಆದ್ದರಿಂದ ಹತ್ತು ಸಾಕು ಎಂಬುದು ಕಾಯ್ದೆಯ ತರ್ಕ. ರಾಗಿ, ಜೋಳ, ಮೆಕ್ಕೆಜೋಳ, ಕಡಲೆ ಬೆಳೆಯುವ ಹೊಲಕ್ಕೆ ಈ ಮಾತು ಮುಕ್ಕಾಲು ಪಾಲು ಒಪ್ಪುತ್ತದೆ. ಆದರೆ ಈ ಬಳಕೆಗೆ ಅವಕಾಶ ಕೊಡುವ ಕಲಂ 9ರ ಮುಂದಿನ ಸಾಲೇ ಮೂರು ಕೆಲಸಗಳನ್ನು ನಿಷೇಧಿಸುತ್ತದೆ: ಪಟ್ಟಿಯ ಮೇಲೆ ಕಟ್ಟಡ ಕಟ್ಟುವಂತಿಲ್ಲ, ಕೆರೆ, ಬಾವಿ, ಜಲಾಶಯ, ಅಣೆಕಟ್ಟೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ದಕ್ಷಿಣ ಕನ್ನಡದ, ಮಲೆನಾಡಿನ, ಚನ್ನಗಿರಿ–ಹೊಳಲ್ಕೆರೆ ಸೀಮೆಯ ಅಡಿಕೆ ತೋಟಕ್ಕೆ, ತಿಪಟೂರಿನ ತೆಂಗಿನ ತೋಟಕ್ಕೆ ಈ ಎರಡು ಸಾಲುಗಳನ್ನು ಒಟ್ಟಿಗೆ ಓದಿ. ತೋಟವಾಗಿ ಬಳಸಬಹುದು, ಮರ ಮಾತ್ರ ನೆಡಬಾರದು!

ಒಂಬತ್ತು ಅಡಿಗೊಂದರಂತೆ ಅಡಿಕೆ ಇಟ್ಟಿದ್ದರೆ ಮೇಲೆ ಹೇಳಿದ ಅರ್ಧ ಎಕರೆಯಲ್ಲಿ ಸುಮಾರು 270 ಮರ. ಕಡಿದ ಮರಕ್ಕೆ ಪರಿಹಾರ ಬರುತ್ತದೆ, ನಿಜ. ಅದು ಆ ಮರದ್ದು. ಹಳೆಯ ಮರಗಳ ಸಂದಿಯಲ್ಲಿ ಸಸಿ ಇಟ್ಟು ತಲೆಮಾರಿನಿಂದ ತಲೆಮಾರಿಗೆ ತೋಟ ಮುಂದುವರಿಸುವುದು ನಮ್ಮಲ್ಲಿ ನಡೆದುಬಂದ ಕ್ರಮ. ನೆಡಲಾಗದೆ ಹೋದ ಆ ಸಸಿಗಳಿಗೆ ಯಾವ ಕಲಮಿನಲ್ಲೂ ಲೆಕ್ಕವಿಲ್ಲ. ತೋಟದ ನೆಲವನ್ನು ತೋಟವಾಗದಂತೆ ಮಾಡಿದ ಮೇಲೆ ಅದು ಬಳಕೆ ಹಕ್ಕಲ್ಲ, ಸ್ವಾಧೀನವೇ. ಪಹಣಿಯಲ್ಲಿ ಹೆಸರು ಉಳಿದಿರುವುದು ಕಂದಾಯ ಕಟ್ಟಲಿಕ್ಕೆ.

ಮರ ಎಂದರೆ ಯಾವುದು ಎಂಬುದನ್ನೂ ಕಾಯ್ದೆ ಹೇಳಿಲ್ಲ. ಬಾಳೆ ಮರವೋ ಗಿಡವೋ? ಪಪ್ಪಾಯಿ? ನುಗ್ಗೆ? ಕಾಫಿ ಗಿಡ? ಇದೆಲ್ಲ ಪಟ್ಟಿಯುದ್ದಕ್ಕೂ ನಡೆದು ಕಾವಲು ನೋಡುವ ಸಿಬ್ಬಂದಿಯ ವಿವೇಚನೆಗೆ ಬಿದ್ದಿದೆ. ಒಬ್ಬ ಸುಮ್ಮನಿದ್ದ ಬಾಳೆಯನ್ನು ಮುಂದಿನ ವರ್ಷ ಬಂದವನು ಕೀಳಿಸುತ್ತಾನೆ. ಬೇರು ಎಷ್ಟು ಆಳಕ್ಕೆ ಹೋಗುತ್ತದೆ, ಕೊಳವೆಯ ಹೊರಲೇಪನಕ್ಕೆ ತಾಗುತ್ತದೆಯೇ ಎಂಬುದರ ಮೇಲೆ ಬೆಳೆಗಳ ಯಾದಿಯೊಂದನ್ನು ಅಧಿಸೂಚಿಸುವುದು ಸಚಿವಾಲಯಕ್ಕೆ ಒಂದು ತಿಂಗಳ ಕೆಲಸ. ಕೃಷಿ ಹೊಂಡಕ್ಕೂ ಇದೇ ಗತಿ. ಹೊಂಡ ತೋಡಿಕೊಳ್ಳಿ ಎಂದು ರಾಜ್ಯ ಸಹಾಯಧನ ಕೊಡುತ್ತದೆ, ತೋಡಬೇಡಿ ಎಂದು ಕೇಂದ್ರದ ಕಾಯ್ದೆ ತಡೆಯುತ್ತದೆ. ಪಟ್ಟಿ ಹಾದದ್ದು ಹೊಲದ ತಗ್ಗಿನ ಮೂಲೆಯಲ್ಲಾದರೆ ನೀರು ನಿಲ್ಲುವ ಜಾಗವೇ ಅದು. ಹೊಂಡಕ್ಕೆ ಬೇರೆ ಜಾಗವಿರುವುದಿಲ್ಲ.

ಈಗ ತಲೆಯ ಮೇಲಿನ ತಂತಿಯ ಲೆಕ್ಕ ನೋಡಿ. ವಿದ್ಯುತ್ ಪ್ರಸರಣ ಮಾರ್ಗಗಳಿಗೆ ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗೋಪುರದ ತಳಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ. 15 ಇತ್ತು. 2024ರ ಜೂನ್‌ನಲ್ಲಿ ಅದನ್ನು ಗೋಪುರದ ತಳಕ್ಕೆ ಶೇ. 200, ಪಟ್ಟಿಗೆ ಶೇ. 30 ಮಾಡಿದರು. ತಂತಿಯ ಕೆಳಗಿನ ನೆಲಕ್ಕೆ ಮೂವತ್ತು. ಕೊಳವೆಯ ಮೇಲೆ ಹೊಂಡವೂ ಇಲ್ಲ, ಮರವೂ ಇಲ್ಲ, ಅದಕ್ಕೆ ಹತ್ತು. ಒಂದೇ ಸರ್ಕಾರದ ಎರಡು ಸಚಿವಾಲಯಗಳು ಒಂದೇ ಸರ್ವೆ ನಂಬರಿಗೆ ಎರಡು ತಕ್ಕಡಿ ಹಿಡಿದಿವೆ.

ಪರಿಹಾರ ಏರಿಸಿದರೆ ಅನಿಲ ದುಬಾರಿಯಾಗುತ್ತದೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಪೈಪ್‌ಲೈನ್ ಶುಲ್ಕವನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ನಿಗದಿ ಮಾಡುವಾಗ, ಹೂಡಿದ ಬಂಡವಾಳದ ಮೇಲೆ ತೆರಿಗೆ ಕಳೆದು ಶೇ. 12ರ ಪ್ರತಿಫಲ ಸಿಗುವಂತೆ ಲೆಕ್ಕ ಕಟ್ಟುತ್ತದೆ. ರೈತನಿಗೆ ಕೊಟ್ಟ ಪರಿಹಾರವೂ ಯೋಜನಾ ವೆಚ್ಚದ ಭಾಗ. ಅಂದರೆ ಆ 1 ಲಕ್ಷದ ಮೇಲೆ ಕಂಪನಿಗೆ ವರ್ಷವರ್ಷ ಪ್ರತಿಫಲವಿದೆ, ನೆಲ ಕೊಟ್ಟವನಿಗಿಲ್ಲ. 2023ರ ಏಪ್ರಿಲ್ 1ರಿಂದ ಏಕೀಕೃತ ಶುಲ್ಕ ಬಂದ ಮೇಲೆ ಒಂದು ಮಾರ್ಗದ ಹೆಚ್ಚುವರಿ ವೆಚ್ಚ ಜಾಲದ ಎಲ್ಲ ಗ್ರಾಹಕರ ನಡುವೆ ಹಂಚಿಹೋಗುತ್ತದೆ. ಉಕ್ಕಿನ ಕೊಳವೆ, ಕಂಪ್ರೆಸರ್, ವೆಲ್ಡಿಂಗ್ ವೆಚ್ಚಗಳ ಮುಂದೆ ಭೂಪರಿಹಾರ ಯೋಜನಾ ವೆಚ್ಚದ ಸಣ್ಣ ಪಾಲು. ಅದನ್ನು ಮೂರು ಪಟ್ಟು ಮಾಡಿದರೂ ಬೆಂಗಳೂರಿನ ಅಡುಗೆಮನೆಯ ಬಿಲ್ಲಿನಲ್ಲಿ ಕಾಣಿಸದು.

ಶೇಕಡಾವಾರು ಎಷ್ಟು ಎಂಬುದು ಒಂದು ಪ್ರಶ್ನೆಯಾದರೆ, ಯಾವುದರ ಶೇಕಡಾವಾರು ಎಂಬುದು ಇನ್ನೊಂದು. ಮಾರುಕಟ್ಟೆ ಬೆಲೆಯನ್ನು ಕಂಡುಹಿಡಿಯುವ ವಿಧಾನ 1962ರ ಕಾಯ್ದೆಯಲ್ಲಿಲ್ಲ. ಈ ಕಾಯ್ದೆಯಡಿ ಆಕ್ಷೇಪಣೆ ಕೇಳಿ ಪರಿಹಾರ ನಿಗದಿ ಮಾಡುವ ಅಧಿಕಾರಿ, ಅಂದರೆ ಸಕ್ಷಮ ಪ್ರಾಧಿಕಾರಿ, ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಹಿಡಿದರೆ ಅಲ್ಲಿಗೆ ಮುಗಿಯಿತು. ಆ ಬೆಲೆಯೂ, ಈ ನೆಲದಲ್ಲಿ ಪೈಪ್ ಹಾಕಲಿದ್ದೇವೆ ಎಂದು ಮೊದಲು ಸಾರುವ ಕಲಂ 3(1)ರ ಅಧಿಸೂಚನೆಯ ದಿನದ್ದು. ಕರ್ನಾಟಕದಲ್ಲಿ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದದ್ದು 2023ರ ಅಕ್ಟೋಬರ್ 1ರಿಂದ. ಅಧಿಸೂಚನೆ ಅದರ ಹಿಂದಿನ ದಿನ ಬಂದಿದ್ದರೆ ಹಳೆಯ ದರವೇ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 26ರಲ್ಲಿ ಸ್ಪಷ್ಟ ವಿಧಾನವಿದೆ: ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದು ಸರಾಸರಿ ಮಾಡಬೇಕು, ಮಾರ್ಗಸೂಚಿ ಬೆಲೆ ಮತ್ತು ಈ ಸರಾಸರಿಯಲ್ಲಿ ಹೆಚ್ಚಿನದು ಯಾವುದೋ ಅದೇ ಆಧಾರ. ಆ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ 1962ರ ಪೈಪ್‌ಲೈನ್ ಕಾಯ್ದೆಯ ಹೆಸರೂ ಇದೆ. ಹಾಗಿದ್ದೂ ‘ಇದು ಸ್ವಾಧೀನವಲ್ಲ, ಬಳಕೆ ಹಕ್ಕು ಮಾತ್ರ’ ಎಂಬ ಒಂದೇ ವಾದದಿಂದ ರೈತ ಅದರ ಬಾಗಿಲಾಚೆ ನಿಂತಿದ್ದಾನೆ.

ಇನ್ನು ಕಾಯ್ದೆ ಕಾಗದದಿಂದ ಹೊಲಕ್ಕೆ ಇಳಿಯುವ ದಾರಿ. ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲೇ, ಇದರಲ್ಲಿ ಅರ್ಧಕ್ಕೆ ಕಾಯ್ದೆ ತಿದ್ದುಪಡಿಯೂ ಬೇಕಿಲ್ಲ.

ಗೆಜೆಟ್ ಅಧಿಸೂಚನೆ ಹಿಂದಿ, ಇಂಗ್ಲಿಷ್‌ಗಳಲ್ಲಿ ಬರುತ್ತದೆ. ಅಳತೆ ಹೆಕ್ಟೇರ್–ಆರ್–ಚದರ ಮೀಟರ್‌ನಲ್ಲಿ. ‘00-08-50’ ಎಂದಿದ್ದರೆ 8 ಆರ್ 50 ಚದರ ಮೀಟರ್, ಅಂದರೆ ಸುಮಾರು 8.4 ಗುಂಟೆ. ಅದನ್ನು ಎಂಟೂವರೆ ಸೆಂಟ್ಸ್ ಎಂದೋ, ಎಂಟು ಎಕರೆ ಎಂದೋ ಓದಿಕೊಂಡು ಒಬ್ಬರು ನಿಶ್ಚಿಂತರಾಗುತ್ತಾರೆ, ಇನ್ನೊಬ್ಬರು ಗಾಬರಿಯಾಗುತ್ತಾರೆ. ಪೋಡಿಯಾಗದ, ಅಂದರೆ ಹಿಸ್ಸೆವಾರು ಅಳೆದು ಬೇರೆ ಮಾಡದ ಸರ್ವೆ ನಂಬರಿನಲ್ಲಿ ಆರು ಜನ ಹಿಸ್ಸೆದಾರರಿದ್ದರೆ ಪಟ್ಟಿ ಯಾರ ಪಾಲಿನಲ್ಲಿ ಹಾದಿದೆ ಎಂಬುದು ಗೆಜೆಟ್ಟಿನಿಂದ ತಿಳಿಯುವುದಿಲ್ಲ. ಹಣ ಪಹಣಿಯ ಮೊದಲ ಹೆಸರಿಗೆ ಹೋಗುತ್ತದೆ, ನಷ್ಟ ಉಳುವವನಿಗಾಗುತ್ತದೆ. ಆದರೆ ಕಲಂ 10(1) ಮಾಲೀಕ ಎಂಬ ಪದವನ್ನೇ ಬಳಸಿಲ್ಲ, ‘ಹಿತಾಸಕ್ತಿ ಹೊಂದಿದ ಯಾವುದೇ ವ್ಯಕ್ತಿ’ ಎಂದಿದೆ. ಗೇಣಿಗೆ ಮಾಡಿದವನು ಬೆಳೆ ನಷ್ಟ ಕೇಳಿದರೆ ಪಹಣಿ ತೋರಿಸು ಎಂದು ವಾಪಸು ಕಳಿಸುವುದು ಕಾಯ್ದೆಯ ಮಾತಲ್ಲ.

ಆಕ್ಷೇಪಣೆಗೆ ಇರುವುದು 21 ದಿನ. ಅದು ಗೆಜೆಟ್ಟಿನ ಮೇಲಿರುವ ದಿನಾಂಕದಿಂದಲ್ಲ, ಪ್ರತಿಗಳು ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ. ಆ ದಿನ ಯಾವುದೆಂದು ಯಾವ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆದಿರುತ್ತಾರೆ? ಆಕ್ಷೇಪಣೆ ಲಿಖಿತವಾಗಿರಬೇಕು, ಕಾರಣ ಹೇಳಬೇಕು, ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಕೇಳಬೇಕು. ಕಲಂ 5ರ ಆ ಆದೇಶವೇ ಅಂತಿಮ. ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿಟ್ ಒಂದೇ ದಾರಿ. ಹೀಗಿರುವಾಗ ‘ನಮ್ಮ ಹೊಲದಲ್ಲಿ ಬೇಡ’ ಎಂದಷ್ಟೇ ಬರೆದ ಅರ್ಜಿ ಒಂದು ಸಾಲಿನಲ್ಲಿ ವಜಾ ಆಗುತ್ತದೆ. ನಿಲ್ಲುವ ಕಾರಣಗಳು ಕಲಂ 7ರಲ್ಲಿವೆ: ಅಧಿಸೂಚನೆಗೆ ಮುಂಚೆ ವಾಸಕ್ಕೆ ಬಳಸುತ್ತಿದ್ದ ನೆಲ, ಶಾಶ್ವತ ಕಟ್ಟಡವಿರುವ ನೆಲ, ಮನೆಗೆ ಹೊಂದಿಕೊಂಡ ಹಿತ್ತಿಲು, ಇವುಗಳ ಅಡಿಯಲ್ಲಿ ಪೈಪ್ ಹಾಕುವಂತಿಲ್ಲ, ಎಲ್ಲೇ ಆದರೂ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹಾಕುವಂತಿಲ್ಲ. ಮನೆ, ಬಾವಿ, ಬದು, ಮರಗಳನ್ನು ಗುರುತಿಸಿದ ನಕ್ಷೆ ಲಗತ್ತಿಸಿ, ಬದುವಿನ ಪಕ್ಕಕ್ಕೆ ಇಷ್ಟು ಮೀಟರ್ ಸರಿಸಿ, ಅಥವಾ ತೋಟದೊಳಗೆ ಕೆಲಸದ ಅಗಲ ಕಡಿಮೆ ಮಾಡಿ ಎಂದು ಕೇಳಿದ ಅರ್ಜಿಗೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ.

ಅಹವಾಲು ಕೇಳುವವರು ಯಾರು? ಗುಜರಾತಿನ ರೈತರ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಜೊತೆಗೆ, ಸಕ್ಷಮ ಪ್ರಾಧಿಕಾರಿಯು ಅಧೀನ ನ್ಯಾಯಾಧೀಶರ ದರ್ಜೆಗೆ ಕಡಿಮೆಯಿಲ್ಲದ ನ್ಯಾಯಿಕ ಹುದ್ದೆಯಲ್ಲಿ ಇರುವವರು ಅಥವಾ ಇದ್ದವರು, ಇಲ್ಲವೇ ಕಾನೂನಿನ ತರಬೇತಿ ಇರುವವರು ಆಗಿರಬೇಕು ಎಂದೂ ಹೇಳಿತು. ಕೇಂದ್ರ ಸಚಿವರೇ, ಕರ್ನಾಟಕದಲ್ಲಿ ಆ ನಂತರ ನೇಮಕವಾದ ಪ್ರತಿಯೊಬ್ಬ ಸಕ್ಷಮ ಪ್ರಾಧಿಕಾರಿಯ ಅರ್ಹತೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಿ.

ಕಲಂ 3ರ ಅಧಿಸೂಚನೆಯಾಗಿ ಒಂದು ವರ್ಷದೊಳಗೆ ಬಳಕೆ ಹಕ್ಕು ಪಡೆಯುವ ಕಲಂ 6ರ ಘೋಷಣೆ ಬರದಿದ್ದರೆ ಅಧಿಸೂಚನೆ ತಾನಾಗಿಯೇ ಬಿದ್ದುಹೋಗುತ್ತದೆ. ಎರಡೂ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ ಎಂದು ಈ ಪತ್ರ ಓದುವ ರೈತರಿಗೂ ಹೇಳುತ್ತೇವೆ.

ಪರಿಹಾರದ ಬುನಾದಿ ಮಹಜರು, ಅಂದರೆ ಹೊಲದಲ್ಲೇ ನೋಡಿ ಬರೆದು ಸಹಿ ಹಾಕಿಸುವ ದಾಖಲೆ. ಜೆಸಿಬಿ ಬಂದು ನಿಂತ ಬೆಳಿಗ್ಗೆ, ಟ್ರ್ಯಾಕ್ಟರಿನ ಬಾನೆಟ್ ಮೇಲೆ ಹಾಳೆ ಇಟ್ಟು ಸಹಿ ಹಾಕಿಸುವುದು ನಿಲ್ಲಬೇಕು. ಮರಗಳ ಎಣಿಕೆ ವಯಸ್ಸಿನ ಪ್ರಕಾರ ಆಗಬೇಕು: ಫಸಲು ಕೊಡುತ್ತಿರುವುದು, ಇನ್ನೆರಡು ವರ್ಷಕ್ಕೆ ಕೊಡಲಿರುವುದು, ಸಸಿ. ಡ್ರಿಪ್ ಕೊಳವೆ, ಬೋರ್‌ವೆಲ್‌ನಿಂದ ಬಂದ ಪೈಪು, ಬಸಿಗಾಲುವೆ, ಬೇಲಿ, ಕಲ್ಲಿನ ಬದು, ಎಲ್ಲವೂ ಬರಹದಲ್ಲಿ ಬರಬೇಕು, ದಿನಾಂಕವಿರುವ ಫೋಟೋ ಸಮೇತ. ಖಾಲಿ ಕಾಲಂ ಬಿಟ್ಟ ಮಹಜರಿಗೆ ಸಹಿ ಹಾಕಿದವರಿಗೆ ಆಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ಹೇಳಲು ಮಾತೇ ಉಳಿಯುವುದಿಲ್ಲ. ಪ್ರಾಧಿಕಾರಿ ನಿಗದಿ ಮಾಡಿದ ಮೊತ್ತ ಒಪ್ಪಿಗೆಯಾಗದಿದ್ದರೆ ತಿಳಿವಳಿಕೆ ಪತ್ರ ಕೈಗೆ ಬಂದ 90 ದಿನದೊಳಗೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬೇಕು. ಆ ತಿಳಿವಳಿಕೆ ಪತ್ರದಲ್ಲೇ ಈ 90 ದಿನದ ಮಾತನ್ನು ಕನ್ನಡದಲ್ಲಿ ಅಚ್ಚು ಹಾಕಲು ಯಾರ ಅಪ್ಪಣೆ ಬೇಕು?

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಷ್ಟದ ದೊಡ್ಡ ಪಾಲು ಕಡತಕ್ಕೆ ಬರುವುದೇ ಇಲ್ಲ. ಮೊದಲು ಮೇಲ್ಮಣ್ಣನ್ನು ಕೆರೆದು ಒಂದು ಪಕ್ಕಕ್ಕೆ, ಕಾಲುವೆಯ ಕೆಳಮಣ್ಣನ್ನು ಇನ್ನೊಂದು ಪಕ್ಕಕ್ಕೆ ಹಾಕಬೇಕು. ಮುಚ್ಚುವಾಗ ಮೊದಲು ಕೆಳಮಣ್ಣು, ಕೊನೆಗೆ ಮೇಲ್ಮಣ್ಣು. ಗುತ್ತಿಗೆದಾರ ಎರಡನ್ನೂ ಒಂದೇ ಗುಡ್ಡೆ ಮಾಡಿದ ದಿನವೇ ಆ ಪಟ್ಟಿ ಮೂರು ನಾಲ್ಕು ಬೆಳೆಗೆ ಹಿಂದೆ ಬಿದ್ದಂತೆ. ಗದಗ, ಧಾರವಾಡದ ಎರೆ ಮಣ್ಣಿನಲ್ಲಿ ಹಸಿ ಇದ್ದಾಗ ಭಾರದ ಯಂತ್ರ ಓಡಿಸಿದರೆ ಒಂದೂವರೆ ಅಡಿ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಮೇಲೆ ಉಳುಮೆ ಮಾಡಿದರೆ ಅದು ಕಾಣದು, ಮಳೆ ಬಂದಾಗ ನೀರು ನಿಂತು ಕಡಲೆ ಹಳದಿಯಾದಾಗ ಗೊತ್ತಾಗುತ್ತದೆ. ಮುಚ್ಚಿದ ಕಾಲುವೆ ಎರಡು ಮಳೆಗಾಲದಲ್ಲಿ ಕುಸಿಯುತ್ತದೆ, ಅದಕ್ಕೇ ಮಣ್ಣನ್ನು ಸ್ವಲ್ಪ ಉಬ್ಬಾಗಿ ಬಿಡಬೇಕು. ಮಲೆನಾಡಿನ ಇಳಿಜಾರಿನಲ್ಲಿ ಸಮಸ್ಯೆ ಬೇರೆ. ಮುಚ್ಚಿದ ಕಾಲುವೆಯೇ ನೆಲದಡಿಯ ಚರಂಡಿಯಾಗಿ ನೀರು ಕೊಳವೆಯ ಗುಂಟ ಹರಿದು ಮಣ್ಣನ್ನು ಒಳಗಿನಿಂದ ಕೊರೆಯುತ್ತದೆ. ಅದನ್ನು ತಡೆಯಲು ಕಾಲುವೆಯೊಳಗೆ ಅಲ್ಲಲ್ಲಿ ಮರಳು ಚೀಲಗಳ ಅಡ್ಡಗೋಡೆ ಕಟ್ಟಬೇಕು. ಅದಿಲ್ಲದ ಕಡೆ ಒಂದು ಮೀಟರ್ ಆಳದ ಕೊಳವೆ ಕೆಲವೇ ಮಳೆಗಾಲಗಳಲ್ಲಿ ಮೇಲಕ್ಕೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಎರಡನೇ, ಮೂರನೇ ವರ್ಷದ ಇಳುವರಿ ನಷ್ಟ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೆಳಹಂತದಲ್ಲಿ ಹೇಳುವುದುಂಟು. ತಪ್ಪು. ಕಲಂ 10(3) ನಿಂತ ಬೆಳೆಯ ಜೊತೆಗೆ, ಇತರ ಆಸ್ತಿಗೂ ‘ಗಳಿಕೆಗೂ’ ಆದ ಹಾನಿಯನ್ನು ಸೇರಿಸುತ್ತದೆ. ನಿರ್ವಹಣೆಗೆಂದು ಐದು ವರ್ಷದ ನಂತರ ಮತ್ತೆ ಅಗೆದರೆ ಮತ್ತೆ ಪರಿಹಾರ ಕೊಡಬೇಕು. ಆದರೆ ಅದೇ ಉಪಕಲಂ ಹೊಲ ಇಬ್ಭಾಗವಾಗುವುದನ್ನು ‘ತಾತ್ಕಾಲಿಕ’ ಎಂದಷ್ಟೇ ಪರಿಗಣಿಸಿದೆ. ಒಂದೂವರೆ ಎಕರೆಯನ್ನು ಪಟ್ಟಿ ಮೂಲೆಯಿಂದ ಮೂಲೆಗೆ ಸೀಳಿ ಎರಡು ತ್ರಿಕೋನ ಮಾಡಿದರೆ, ಎರಡರಲ್ಲೂ ತೋಟ ನಿಲ್ಲುವುದಿಲ್ಲ, ಮನೆ ಕಟ್ಟಲು ಅಳತೆ ಸಾಲುವುದಿಲ್ಲ. ಆ ಶಾಶ್ವತ ಸೀಳಿಗೆ ಕಾಯ್ದೆಯಲ್ಲಿ ಹೆಸರೇ ಇಲ್ಲ.

ಸುರಕ್ಷತೆಯ ವಿಷಯ ಒಂದೇ ಮಾತು. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಅನಿಲದ ಪೈಪ್‌ಲೈನ್ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು. ದೂರಸಾಗಣೆಯ ಪೈಪ್‌ಲೈನಿನಲ್ಲಿ ಹರಿಯುವ ಅನಿಲಕ್ಕೆ ಅಡುಗೆ ಸಿಲಿಂಡರಿನ ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ವಾಸನೆ ಬೆರೆಸುವುದು ನಗರದ ವಿತರಣಾ ಜಾಲಕ್ಕೆ ಇಳಿಸುವಾಗ. ಬುಸ್ ಎಂಬ ಸದ್ದು, ಕೆಸರಿನಲ್ಲಿ ಗುಳ್ಳೆ, ಕಾರಣವಿಲ್ಲದೆ ಒಣಗಿದ ಹುಲ್ಲಿನ ತುಂಡು, ಇವೇ ಸೂಚನೆ. ಕಂಡವರು ಪಂಪ್‌ಸೆಟ್ ಸ್ವಿಚ್ಚನ್ನೂ ಮುಟ್ಟದೆ ಸೋರಿಕೆಯ ಜಾಗ ಬಿಟ್ಟು, ಗಾಳಿ ಬರುತ್ತಿರುವ ಕಡೆಗೆ ದೂರ ಹೋಗಿ, ಗುರುತುಕಂಬದ ಮೇಲಿನ ನಂಬರಿಗೆ ಕರೆ ಮಾಡಬೇಕು. ಇದನ್ನು ಪಟ್ಟಿಯ ಅಕ್ಕಪಕ್ಕದ ಎಷ್ಟು ಮನೆಗಳಿಗೆ ಕನ್ನಡದಲ್ಲಿ ತಿಳಿಸಲಾಗಿದೆ ಎಂಬ ಲೆಕ್ಕ ಕೊಡಿ. ಅಗೆಯುವ ಮೊದಲು ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಒಂದು ಆ್ಯಪ್ ತಂದಿತು. ಜೆಸಿಬಿ ಚಾಲಕನ ಮೊಬೈಲಿಗೆ ಅದು ತಲುಪಿದೆಯೇ ನೋಡಿ.

ರಾಜ್ಯದ ಕಂದಾಯ ಸಚಿವರಿಗೆ ಪ್ರತ್ಯೇಕವಾಗಿ ಎರಡು ಮಾತು. ಪೈಪ್‌ಲೈನ್ ಕೇಂದ್ರದ ವಿಷಯ, ನಾವೇನು ಮಾಡಲಿ ಎನ್ನಬೇಡಿ. ತಮಿಳುನಾಡು 2013ರಲ್ಲಿ, ಹೊಲ ಬಿಟ್ಟು ಹೆದ್ದಾರಿ ಬದಿಗೆ ಪೈಪ್ ಹಾಕಿ ಎಂದು ಆದೇಶಿಸಿ ಕೋರ್ಟಿನಲ್ಲಿ ಸೋತಿತು; 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ಕೇರಳ ಬೇರೆ ದಾರಿ ಹಿಡಿಯಿತು. 2017ರ ನವೆಂಬರ್‌ನಲ್ಲಿ ಮುಕ್ಕಂ ಭಾಗದ ಪ್ರತಿಭಟನೆಯ ನಂತರ ಮಾರ್ಗ ಬದಲಿಸದೆ ಪರಿಹಾರವನ್ನು ದುಪ್ಪಟ್ಟು ಮಾಡಿಸಿತು, 10 ಸೆಂಟ್ಸ್ ಒಳಗಿನ ಹಿಡುವಳಿಗಳಿಗೆ ಪ್ರತ್ಯೇಕ ನೆರವು ಕೊಟ್ಟಿತು. ಮಾರ್ಗ ತಡೆಯಲು ರಾಜ್ಯಕ್ಕೆ ಆಗದು, ಬೆಲೆ ಏರಿಸಲು ಆಗುತ್ತದೆ. ಅದೇ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಕೇರಳದ ಗಡಿ ದಾಟಿದ ಮೇಲೆ ನಮ್ಮ ಕಡೆಯ ರೈತನಿಗೆ ಏನು ಸಿಕ್ಕಿತು, ಆಚೆಯವನಿಗೆ ಏನು ಸಿಕ್ಕಿತು ಎಂಬುದನ್ನು ಪಕ್ಕಪಕ್ಕ ಇಟ್ಟು ಪ್ರಕಟಿಸಿದರೆ ಸಾಕು, ಉಳಿದ ವಾದ ತಾನಾಗಿಯೇ ಆಗುತ್ತದೆ.

ಎರಡನೆಯದು, ಇತರ ಹಕ್ಕು ಮತ್ತು ಋಣಗಳನ್ನು ಬರೆಯುವ ಪಹಣಿಯ 11ನೇ ಕಾಲಂ. ಬಳಕೆ ಹಕ್ಕನ್ನು ಇಡೀ ಸರ್ವೆ ನಂಬರಿನ ಮೇಲೆ ಋಣವೆಂದು ನಮೂದಿಸಿದರೆ, ಎಂಟು ಗುಂಟೆಯ ಪಟ್ಟಿಗಾಗಿ ನಾಲ್ಕು ಎಕರೆಯ ಸಾಲಕ್ಕೆ ಬ್ಯಾಂಕಿನವರು ತಕರಾರು ತೆಗೆಯುತ್ತಾರೆ. ಪಟ್ಟಿಯ ವಿಸ್ತೀರ್ಣ ಗುಂಟೆಯಲ್ಲಿ, ಪಟ್ಟಿ ಯಾವ ಹಿಸ್ಸೆಯಲ್ಲಿದೆ ಎಂಬುದು, ಜೊತೆಗೆ ಭೂಮಾಪಕರ ನಕ್ಷೆಯ ಸಂಖ್ಯೆ, ಇಷ್ಟನ್ನು ಸೇರಿಸಿ ನಮೂದಿಸಲು ತಹಶೀಲ್ದಾರರಿಗೆ ಒಂದು ಸುತ್ತೋಲೆ ಹೊರಟರೆ ಆಯಿತು. ಅಧಿಸೂಚನೆ ಬರುವ ಮುನ್ನ ಪೋಡಿಯಾಗದ ಸರ್ವೆ ನಂಬರುಗಳಿಗೆ ಪೋಡಿ ಮುಗಿಸಿಕೊಡುವುದೂ ತಮ್ಮ ಇಲಾಖೆಯದೇ ಕೆಲಸ.

ಕೇಂದ್ರ ಸಚಿವರಲ್ಲಿ ನಮ್ಮ ಕೋರಿಕೆ ಇದು. ಕಲಂ 10(4)ರ ಹತ್ತನ್ನು ತಂತಿಯ ಪಟ್ಟಿಗೆ ಕೊಡುವ ಮೂವತ್ತಕ್ಕಾದರೂ ಏರಿಸಿ. ಮರಬೆಳೆಯ ತೋಟಕ್ಕೆ ಪಟ್ಟಿಯ ಪೂರ್ತಿ ಬೆಲೆ ಕೊಡಿ. ಬೆಲೆ ಕಟ್ಟಲು 2013ರ ಕಾಯ್ದೆಯ ಕಲಂ 26ರ ವಿಧಾನ ಹಿಡಿಯಿರಿ. ಶಾಶ್ವತವಾಗಿ ಇಬ್ಭಾಗವಾದ ಸಣ್ಣ ಹಿಡುವಳಿಗೆ ಪರಿಹಾರದಲ್ಲಿ ಒಂದು ಶೀರ್ಷಿಕೆ ಸೇರಿಸಿ. ನೆಡಬಹುದಾದ ಬೆಳೆಗಳ ಯಾದಿಯನ್ನು ಮುಂದಿನ ಮುಂಗಾರಿಗೆ ಮೊದಲು ಹೊರಡಿಸಿ. ಅದಕ್ಕೆ ಸಂಸತ್ತಿನ ಅಧಿವೇಶನ ಕಾಯಬೇಕಾಗಿಲ್ಲ.

ಇಂತಿ,
ಪೈಪ್‌ಲೈನ್ ಪಟ್ಟಿಯ ಪಹಣಿ, ಮಹಜರು, ಪರಿಹಾರದ ಕಡತಗಳನ್ನು ಓದಿ ಲೆಕ್ಕ ನೋಡುವ ಕೆಲವರು